ಅಕ್ಕಿಬಾಯಿಯ ಚೀಲ

ವಡಾಲ, ಮುಂಬಯಿ
7-2-1955

ದಾನವ್ವಕ್ಕನವರಿಗೆ ನೀಲಾವತಿಯ ವಂದನೆಗಳು.

ಹತ್ತು ವರ್ಷದ ಮೇಲೆ ನನ್ನ ಕೈಬರಹ ನೋಡಿ ನಿಮಗೆ ಆಶ್ಚರ್ಯವಾಗಬಹುದು. ಕೆಲಸವಿದ್ದೇ ಬರೆಯುತ್ತಿದ್ದೇನೆ. ನಮ್ಮ ಕನ್ನಡ ಸಭೆ ಈಗಲೂ ಮರಾಠಿ ಕ್ರೈಸ್ತರ ದೇವಾಲಯದಲ್ಲೇ ಭಾನುವಾರ ಮಧ್ಯಾಹ್ನ ಮೂರಕ್ಕೆ ಕೂಡುತ್ತದೆ. ಅಲ್ಲಿ ಹಿಂದಿನ ಕೋಣೆಯಲ್ಲಿ ನನ್ನ ವಶದಲ್ಲಿದ್ದ ಕಪಾಟನ್ನು ಮೊನ್ನೆ ಖಾಲಿ ಮಾಡಿದೆ. ಕೆಳಗಿನ ಹಲಗೆಯ ಮೂಲೆಯಲ್ಲಿ ನಿಮ್ಮ ಹಿತ್ತಾಳೆ ಡಬ್ಬಿ ಸಿಕ್ಕಿತು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ‘ದಾನವ್ವ, ಗದಗ’ ಎಂದು ಕೊರೆಸಿದ್ದೀರಿ. ಗೋರೆಗಾಂವಿಗೆ ಹೋಗುವ ಗಡಿಬಿಡಿಯಲ್ಲಿ ಮರೆತದ್ದಿರಬೇಕು. ಹುಣಿಸೆಹಣ್ಣು ಹಾಕಿ ತಿಕ್ಕಿ ಇಟ್ಟಿದ್ದೇನೆ. ಯಾರ ಕೈಯಲ್ಲಿ ಕಳಿಸಲಿ, ತಿಳಿಸಿ.

ಇಷ್ಟೇ ಬರೆದು ಮುಗಿಸಬೇಕೆಂದಿದ್ದೆ. ಆದರೆ ಕಪಾಟು ಯಾಕೆ ಖಾಲಿ ಮಾಡಿದೆ ಎಂದು ನೀವು ಕೇಳದೇ ಇರುತ್ತೀರಾ? ನೀವು ಕೇಳದಿದ್ದರೂ ನಾನು ಹೇಳದೇ ಇರಲಾರೆ.

ಹೋದ ವರ್ಷ ಮಳೆ ಬಿಟ್ಟ ಮೇಲೆ ಹೊಸ ಪಾದ್ರಿ ಅಯ್ಯನವರು ಬಂದರು. ಒಳ್ಳೆಯವರೇ, ಪ್ರಸಂಗ ಸ್ವಲ್ಪ ಉದ್ದ. ಅವರ ಹೆಂಡತಿ ಪ್ರಫುಲ್ಲಾ ಎಂಬವಳು, ಮಂಗಳೂರಿನಲ್ಲಿ ಟ್ರೈನಿಂಗ್ ಮುಗಿಸಿದ ಇಪ್ಪತ್ತೈದರ ಹುಡುಗಿ. ಸಭೆಯ ವಾಡಿಕೆಯಂತೆ ನಲವತ್ತೊಂಬತ್ತು ತುಂಬಿದ ನಾನು ಅವಳನ್ನು ‘ಅಮ್ಮನವರೇ’ ಎಂದು ಕರೆಯಬೇಕು. ನಾನು ಏನೂ ಅನ್ನುವುದಿಲ್ಲ. ಒಮ್ಮೆ ಕೆಮ್ಮಿ ಮಾತು ಶುರುಮಾಡುತ್ತೇನೆ.

ಹಿಡಿ ಅಕ್ಕಿಯ ಕೆಲಸ ನಿಮಗೆ ಗೊತ್ತಿರುವುದೇ. ಮನೆಯ ಹೆಂಗಸು ಅಕ್ಕಿ ತೊಳೆಯುವ ಮುಂಚೆ ದೇವರ ಹೆಸರಿನಲ್ಲಿ ಒಂದು ಹಿಡಿ ತೆಗೆದಿಡುವುದು, ಶನಿವಾರ ನಾನು ಚೀಲ ಹಿಡಿದು ಹೋಗಿ ಅದನ್ನು ತರುವುದು, ಇಪ್ಪತ್ತು ಮನೆಯದನ್ನು ಹಸಿದ ನಾಲ್ಕು ಮನೆಗೆ ಸದ್ದಿಲ್ಲದೆ ಮುಟ್ಟಿಸುವುದು. ಹದಿನಾಲ್ಕು ವರ್ಷ ಒಂದು ಶನಿವಾರ ತಪ್ಪಿಸಿದವಳಲ್ಲ. ಬಂದರಿನಲ್ಲಿ ಹಡಗು ಸಿಡಿದ ಮಾರನೆಯ ದಿನವೂ ಶನಿವಾರವಾಗಿತ್ತು, ಊರೆಲ್ಲ ಹೊಗೆ, ಆಗಲೂ ಹೋದೆ. ಚೀಲ ಹಿಡಿದು ಹಿಡಿದು ನನ್ನ ಬಲಗೈ ಎಡಗೈಗಿಂತ ಉದ್ದವಾಗಿದೆ ಎಂದು ಮಕ್ಕಳು ತಮಾಷೆ ಮಾಡುತ್ತವೆ. ಶಾಲೆಯ ಬಾಯಿಯಾದ ನನ್ನನ್ನು ಅವು ಅಕ್ಕಿಬಾಯಿ ಎಂದೇ ಕರೆಯುವುದು.

ಜನವರಿಯ ಸ್ತ್ರೀಸಮಾಜದ ಕೂಟದಲ್ಲಿ ಪ್ರಫುಲ್ಲಾ ಎದ್ದು ನಿಂತಳು. “ಬಾಯಿ ಈ ಪ್ರಾಯದಲ್ಲಿ ಚೀಲ ಹೊತ್ತುಕೊಂಡು ಮೆಟ್ಟಿಲು ಹತ್ತುವುದು ನೋಡಿ ನಮಗೇ ಬೇಜಾರಾಗ್ತದೆ. ಮಾರ್ಚಿನಿಂದ ಎಲ್ಲರೂ ಭಾನುವಾರ ತಂದು ಬಾಗಿಲಲ್ಲಿ ಒಂದು ಡ್ರಮ್ಮಿಗೆ ಹಾಕುವ. ಹಂಚುವುದನ್ನು ನಾನು ನೋಡಿಕೊಳ್ತೇನೆ” ಎಂದಳು. ಹೆಂಗಸರೆಲ್ಲ ಹೌದು ಹೌದು ಎಂದರು. ನಾನು ಕೊಟ್ಟ ಕಷಾಯ ಕುಡಿದು ಜ್ವರ ಬಿಟ್ಟವರು, ನಾನು ಹೆರಿಗೆಗೆ ನಿಂತವರು, ಎಲ್ಲರೂ! ಮುಂದಿನ ಭಾನುವಾರ ಕಮಿಟಿಯ ಹಿರಿಯರು ನನಗೆ ಒಂದು ಶಾಲು ಹೊದಿಸಿ, “ಇನ್ನು ನೀವು ವಿಶ್ರಾಂತಿ ತಕ್ಕೊಳ್ಳಿ ಬಾಯಿ” ಎಂದರು. ಮುಂಬಯಿಯಲ್ಲಿ ಶಾಲು ಹೊದೆಯುವಂಥ ಚಳಿ ಎಲ್ಲಿದೆ? ನೀನು ಬೇಡ ಎಂದು ಬಾಯಲ್ಲಿ ಹೇಳಿದ್ದರೆ ಸಾಕಿತ್ತು.

ನಿಮ್ಮನ್ನು ಸೇರಿಸಿಕೊಳ್ಳದ ಊರಿನ ಧೂಳನ್ನು ಕಾಲಿನಿಂದ ಝಾಡಿಸಿ ಹೊರಡಿ ಎಂದು ಸುವಾರ್ತೆಯಲ್ಲಿ ಸ್ವಾಮಿ ಶಿಷ್ಯರಿಗೆ ಹೇಳಿದ್ದಾನಲ್ಲವೇ? ನಾನೂ ಝಾಡಿಸುತ್ತೇನೆ. ಆದರೆ ಈಗಲೇ ಅಲ್ಲ. ಹೊಸತರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ. ಇವಳ ಡ್ರಮ್ಮು ಎಷ್ಟು ದಿನ ತುಂಬುತ್ತದೆಂದು ಕಣ್ಣಾರೆ ನೋಡಿಯೇ ಹೋಗುತ್ತೇನೆ.

ಡಬ್ಬಿಯ ವಿಷಯ ಬರೆಯಿರಿ.

ಇಂತಿ,
ನೀಲಾವತಿ


ಗೋರೆಗಾಂವ್
20-2-1955

ನೀಲಾವತಿ ಬಾಯಿಯವರಿಗೆ ದಾನವ್ವನ ವಂದನೆ.

ಕಾಗದ ಮುಟ್ಟಿತು. ಎರಡು ಸಲ ಓದಿದೆ. ಡಬ್ಬಿ ಮರೆತು ಬಂದದ್ದಲ್ಲ. ಅವಸರವಿಲ್ಲ, ನಿಮ್ಮ ಹತ್ತಿರವೇ ಇರಲಿ.

ನಾವು ಆರಾಮಾಗಿದ್ದೇವೆ. ಯಜಮಾನರಿಗೆ ಕಾರ್ಖಾನೆಯಲ್ಲಿ ಇನ್ನೆರಡು ವರ್ಷದ ಕೆಲಸವಿದೆ. ನನಗೆ ಮೊಣಕಾಲು ನೋವು, ಹೀಗಾಗಿ ಲೋಕಲ್ ಹತ್ತಿ ದೂರ ಬರುವುದಾಗುವುದಿಲ್ಲ. ಭಾನುವಾರ ಸಂಜೆ ನಮ್ಮ ಖೋಲಿಯಲ್ಲೇ ಪ್ರಾರ್ಥನೆಗೆ ಕೂಡುತ್ತೇವೆ. ಮೊದಲು ಗಂಡ ಹೆಂಡತಿ ನಾವಿಬ್ಬರೇ ಇದ್ದೆವು. ಈಗ ಹನ್ನೊಂದು ಮನೆಯವರು. ಹುಬ್ಬಳ್ಳಿ ಕಡೆಯವರು ಇದ್ದಾರೆ, ನಿಮ್ಮ ಉಡುಪಿ ಕಡೆಯವರೂ ಇದ್ದಾರೆ. ತಾಳ ಹಾಕಿ ಹಾಡುತ್ತೇವೆ. ಪಕ್ಕದ ಖೋಲಿಯ ಮರಾಠಿ ಮುದುಕಿ ಬಂದು ಚಪ್ಪಾಳೆ ತಟ್ಟುತ್ತಾಳೆ, ಅವಳಿಗೆ ಒಂದು ಮಾತೂ ತಿಳಿಯುವುದಿಲ್ಲ.

ಶಾಲು ಉಣ್ಣೆಯದಾಗಿದ್ದರೆ ಮಳೆಗಾಲದಲ್ಲಿ ಕಾಲಿಗೆ ಸುತ್ತಿಕೊಳ್ಳಲು ಬರುತ್ತದೆ, ಎಸೆಯಬೇಡಿ.

ಧೂಳಿನ ಮಾತು ಬರೆದಿದ್ದೀರಿ. ಝಾಡಿಸುವವರು ಹೊಸಿಲಲ್ಲಿ ನಿಂತು ಎಷ್ಟು ಹೊತ್ತು ಝಾಡಿಸುತ್ತಾರೆ ಬಾಯಿ?

ಇಂತಿ,
ದಾನವ್ವ


ವಡಾಲ
22-3-1955

ದಾನವ್ವಕ್ಕಾ,

ಉತ್ತರ ಬರೆಯಲು ಒಂದು ತಿಂಗಳು ತಡವಾಯಿತು. ನಿಜ ಹೇಳುತ್ತೇನೆ, ‘ಹನ್ನೊಂದು ಮನೆ’ ಎಂದು ಓದಿದ ಕೂಡಲೇ ನಿಮ್ಮ ಕಾಗದವನ್ನು ಮಡಚಿ ಹೊಲಿಗೆ ಪೆಟ್ಟಿಗೆಯ ತಳಕ್ಕೆ ಹಾಕಿಬಿಟ್ಟೆ. ಪಾದ್ರಿಯಿಲ್ಲ, ಕಮಿಟಿಯಿಲ್ಲ, ದೇವಾಲಯವಿಲ್ಲ, ನಿಮಗೆ ಹನ್ನೊಂದು ಮನೆ ಎಲ್ಲಿಂದ ಬಂದವು? ನನ್ನ ಇಪ್ಪತ್ತು ಕೈತಪ್ಪಿ ಹೋಗುವ ಹೊತ್ತಿಗೇ ನಿಮ್ಮ ಹನ್ನೊಂದರ ಸುದ್ದಿ ಬರಬೇಕಾಗಿತ್ತೇ?

ಮಾರ್ಚ್ ಮೊದಲ ಶನಿವಾರದಿಂದ ನಾನು ಚೀಲ ಮುಟ್ಟಿಲ್ಲ. ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ್ದೇನೆ. ಶನಿವಾರ ಶಾಲೆಯಲ್ಲಿ ಪಾಠ ಮುಗಿಸಿ ಬಂದರೆ ಕಾಲುಗಳು ತಾವಾಗಿಯೇ ಪುನಃ ಚಪ್ಪಲಿ ಹುಡುಕುತ್ತವೆ. ಬೈದು ಕೂರಿಸುತ್ತೇನೆ.

ಫೆಬ್ರವರಿ ಕೊನೆಗೆ ಪ್ರಫುಲ್ಲಾ ನನ್ನ ಖೋಲಿಗೇ ಬಂದಳು. ಕೈಗೆ ವಾಚು, ಸೆರಗಿಗೆ ಪಿನ್ನು, ಮೂರು ಮಾಳಿಗೆ ಹತ್ತಿ ಬಂದರೂ ಏದುಸಿರಿಲ್ಲ. “ಬಾಯಿ, ರಿಜಿಸ್ಟರಿನಲ್ಲಿ ಕಷ್ಟದಲ್ಲಿರುವವರು ಅಂತ ಎರಡೇ ಹೆಸರು ಉಂಟು. ನೀವು ಬೇರೆ ನಾಲ್ಕು ಮನೆಗೆ ಕೊಡ್ತಿದ್ದಿರಂತೆ, ಯಾವುದದು?” ಎಂದು ಕೇಳಿದಳು.

ನಾನು ಚಹಾ ಸೋಸುತ್ತಾ, “ದೇವರಿಗೆ ಗೊತ್ತುಂಟು” ಎಂದೆ.

“ನನಗೂ ಸ್ವಲ್ಪ ಹೇಳಿ ಮಾರಾಯ್ರೆ” ಎಂದು ನಕ್ಕಳು. ನಕ್ಕರೆ ಅವಳ ಕೆನ್ನೆಯಲ್ಲಿ ಗುಳಿ ಬೀಳುತ್ತದೆ. ನಾನು ಹೇಳಲಿಲ್ಲ. ಹದಿನಾಲ್ಕು ವರ್ಷ ಮೆಟ್ಟಿಲು ಹತ್ತಿ ನಾನು ಸಂಪಾದಿಸಿದ್ದು ಆ ನಾಲ್ಕು ಬಾಗಿಲು. ಅವನ್ನೂ ಕೊಟ್ಟುಬಿಟ್ಟರೆ ನನ್ನ ಹತ್ತಿರ ಉಳಿಯುವುದು ಆ ಶಾಲು ಒಂದೇ.

ಅಕ್ಕಿಯ ಗುಟ್ಟನ್ನೂ ಹೇಳಲಿಲ್ಲ. ನನ್ನ ಚೀಲದೊಳಗೆ ಮೂರು ಒಳಚೀಲ ಇರುವುದನ್ನು ನೀವು ನೋಡಿದ್ದೀರಿ. ಕರಾವಳಿಯವರ ಕುಚ್ಚಲಕ್ಕಿ ಒಂದಕ್ಕೆ, ಬಿಳಿಯ ಬೆಳ್ತಿಗೆ ಅಕ್ಕಿ ಒಂದಕ್ಕೆ, ನುಚ್ಚು ಇನ್ನೊಂದಕ್ಕೆ. ಡ್ರಮ್ಮಿನಲ್ಲಿ ಈಗ ಎಲ್ಲ ಕಲಬೆರಕೆ. ಒಟ್ಟಿಗೆ ಬೇಯಲು ಇಟ್ಟರೆ ಒಂದು ಅಕ್ಕಿ ಗಂಜಿಯಾಗುವ ಹೊತ್ತಿಗೆ ಇನ್ನೊಂದು ಕಲ್ಲಿನ ಹಾಗೇ ಇರುತ್ತದೆ. ಬೇಯಿಸಿದವರು ಬೈಯಲಿ ಎಂದು ಸುಮ್ಮನಿದ್ದೆ.

ಕಳೆದ ಶನಿವಾರ ಅವಳು ಸಮಾಜದ ಇಬ್ಬರು ಹೆಂಗಸರನ್ನು ಕಟ್ಟಿಕೊಂಡು, ಆ ನಾಲ್ಕು ಮನೆ ಹುಡುಕುತ್ತಾ ರೈಲುಗೇಟಿನ ಆಚೆಯ ಚಾಳುಗಳಲ್ಲಿ ಅಲೆದಳಂತೆ. ನಮ್ಮ ಕಟ್ಟಡದ ಕೆಳಗೆ ಹೋಟೆಲು ಇಟ್ಟಿರುವ ಮೋನಪ್ಪ ಹೇಳಿದ: “ನಿಮ್ಮ ಪಾದ್ರಿಗಳ ಹೆಂಡತಿ ಬಿಸಿಲಿಗೆ ಕೆಂಪಾಗಿ ಹೋಗಿದ್ರು ಬಾಯಿ. ಯಾರ ಮನೆ ಬೇಕು ಅಂತ ಕೇಳಿದ್ರೆ ಅವರಿಗೇ ಗೊತ್ತಿಲ್ಲ.” ಅವತ್ತು ಸಂಜೆಯ ಚಹಾ ನನಗೆ ಬಹಳ ರುಚಿಯಾಯಿತು. ಸುಳ್ಳು ಯಾಕೆ ಹೇಳಲಿ.

ಇಷ್ಟಾದರೂ ಅವಳನ್ನು ಬೈಯುವವರು ಒಬ್ಬರಿಲ್ಲ. ನಿಮ್ಮ ಗದಗ ಧಾರವಾಡ ಕಡೆಯ ಹೆಂಗಸರ ನಡುವೆ ಹೋಗಿ ಕೂತು, “ಯಾಕ್ರೀ ಅವ್ವಾ, ಆರಾಮದೀರೇನು?” ಎನ್ನುತ್ತಾಳೆ. ಬಂದು ಆರು ತಿಂಗಳಾಗಿಲ್ಲ! ಅವರೂ ನಕ್ಕು ನಕ್ಕು ಅವಳ ಮಡಿಲಿಗೆ ಮಗು ಕೊಡುತ್ತಾರೆ. ನನಗೆ ಇಷ್ಟು ವರ್ಷ ‘ಕೂಡ್ರಿ ಬಾಯಿ’ ಎಂದು ಕುರ್ಚಿ ಕೊಟ್ಟರೇ ಹೊರತು ಯಾರೂ ಮಗು ಕೊಡಲಿಲ್ಲ. ಹೊಟ್ಟೆಕಿಚ್ಚು ಪಾಪ ಎಂದು ಭಾನುವಾರದ ಮಕ್ಕಳಿಗೆ ನಾನೇ ತಮ್ಮನನ್ನು ಕೊಂದ ಕಾಯಿನನ ಕಥೆ ಹೇಳಿ ಕಲಿಸಿದ್ದೇನೆ. ಅವನು ತಂದ ಬೆಳೆ ದೇವರಿಗೆ ಯಾಕೆ ಬೇಡವಾಯಿತು ಎಂದು ಒಂದು ಮಗು ಕೇಳಿತ್ತು. ಸುಮ್ಮನೆ ಕೂತುಕೋ ಎಂದಿದ್ದೆ.

ಡಬ್ಬಿ ಮರೆತದ್ದಲ್ಲ ಎಂದಿರಿ. ಹಾಗಾದರೆ ಏನು?

ಇಂತಿ,
ನೀಲಾವತಿ


ಕಾರ್ಡು

ಗೋರೆಗಾಂವ್
25-3-1955

ಬಾಯಿಯವರಿಗೆ,

ರೈಲುಗೇಟಿನ ಆಚೆ ಇರುವ ರುದ್ರವ್ವನ ಮನೆಯನ್ನು ನಿಮಗೆ ತೋರಿಸಿದವಳು ನಾನು. ನಿಮ್ಮ ನಾಲ್ಕು ಮನೆಯಲ್ಲಿ ಅದೂ ಒಂದು. ಅವಳು ನಮ್ಮ ಸಭೆಯವಳಲ್ಲ, ರಿಜಿಸ್ಟರಿನಲ್ಲಿ ಸಿಗುವುದಿಲ್ಲ. ಮೂರು ಶನಿವಾರದಿಂದ ಅವಳ ಹತ್ತಿರ ಯಾರು ಹೋಗುತ್ತಿದ್ದಾರೆ?

ದಾನವ್ವ


ವಡಾಲ
11-4-1955

ದಾನವ್ವಕ್ಕಾ,

ನಿಮ್ಮ ಕಾರ್ಡು ಬಂದ ದಿನವೇ ಹೋಗಬೇಕಾಗಿತ್ತು. ಹೋಗಲೆಂದು ಚಪ್ಪಲಿ ಮೆಟ್ಟಿದ್ದೆ. ನಾನು ಹೋದರೆ ಪ್ರಫುಲ್ಲಾಳ ಕೆಲಸವನ್ನು ನಾನು ಮಾಡಿಕೊಟ್ಟಂತಾಗುತ್ತದೆ, ಊರೆಲ್ಲ ಅವಳನ್ನೇ ಹೊಗಳುತ್ತದೆ ಎಂದು ಚಪ್ಪಲಿ ಬಿಚ್ಚಿಟ್ಟೆ. ನಿನ್ನೆಯ ತನಕ ಹೋಗಲಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ನಿನ್ನೆ ಈಸ್ಟರ್. ದೇವಾಲಯ ತುಂಬಿತ್ತು. ಹಾಡು ಮುಗಿದು ಅಯ್ಯನವರು ಪ್ರಸಂಗಕ್ಕೆ ನಿಂತಿದ್ದರು. ಬಾಗಿಲ ಹತ್ತಿರ ಕೋಲು ಊರಿದ ಸದ್ದಾಯಿತು. ತಿರುಗಿ ನೋಡಿದರೆ ರುದ್ರವ್ವ! ಗಂಡ ಗಿರಣಿಯಲ್ಲಿ ಸತ್ತ ಮೇಲೆ ಚಾಳು ಬಿಟ್ಟು ಹೊರಗೆ ಬಾರದವಳು, ನಮ್ಮ ದೇವಾಲಯದ ಹೊಸಿಲು ಎಂದೂ ತುಳಿಯದವಳು, ಒಗೆದ ಇಲಕಲ್ಲ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ನಿಂತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಅಂದಳು:

“ಇಲ್ಲಿ ಅಕ್ಕಿಬಾಯಿ ಅಂತ ಇದ್ಲಲ್ರೀ, ತೀರ್ಕೊಂಡ್ಲೇನ್ರೀ? ಆರು ಶನಿವಾರ ಆತು, ಬಂದಿಲ್ಲ. ಮಣ್ಣಿಗೆ ಸೈತ ಯಾರೂ ನನ್ನ ಕರೀಲಿಲ್ಲ.”

ಸಭೆಯೆಲ್ಲ ನನ್ನ ಕಡೆ ತಿರುಗಿತು. ನಾನು ಮೂರನೆಯ ಬೆಂಚಿನಲ್ಲಿ ಜೀವಸಹಿತ ಕೂತಿದ್ದೆ. ಅದೂ ಈಸ್ಟರ್ ದಿನ! ಯಾರೋ ನಕ್ಕರು. ನಾನು ಎದ್ದು ನಿಂತೆ. ರುದ್ರವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕಾಲು ನೆಟ್ಟಗ ಅದಾವಲ್ಲ ನಿನ್ನವು? ಮತ್ಯಾಕ ಬರ್ಲಿಲ್ಲ?” ಎಂದಳು. ಅಕ್ಕಿ ಯಾಕೆ ತರಲಿಲ್ಲ ಎಂದು ಕೇಳಲಿಲ್ಲ ದಾನವ್ವಕ್ಕಾ. ಯಾಕೆ ಬರಲಿಲ್ಲ ಎಂದು ಕೇಳಿದಳು.

ಮುಂದಿನ ಬೆಂಚಿನಿಂದ ಪ್ರಫುಲ್ಲಾ ಬಂದು ಅವಳ ಕೈ ಹಿಡಿದು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಆರಾಧನೆ ಮುಗಿದ ಮೇಲೆ ಮನೆ ತನಕ ನಡೆಸಿಕೊಂಡು ಹೋದಳು. ನಾನು ಹತ್ತು ಹೆಜ್ಜೆ ಹಿಂದೆ ಕಳ್ಳಿಯ ಹಾಗೆ ಹೋದೆ. ಬಾಗಿಲಲ್ಲಿ ಅವಳು ಕೇಳಿದ ಮೊದಲನೆಯ ಮಾತು, “ಅವ್ವಾ, ನೀವು ಊಟಕ್ಕೆ ಏನು ಮಾಡ್ತೀರಿ?”

“ಜ್ವಾಳದ ರೊಟ್ಟಿರೀ. ಬ್ಯಾರೆ ಏನು ಉಂಡರೂ ನನಗ ಹೊಟ್ಟಿ ತುಂಬಂಗಿಲ್ಲ. ಬಾಯಿ ತಂದ ಅಕ್ಕಿ ಬಾಜೂ ಮನೀಯಾಕಿಗೆ ಕೊಟ್ಟು ಹಿಟ್ಟು ಇಸ್ಕೊಂತಿದ್ದೆ.”

“ಬಾಯಿಯವರಿಗೆ ಹೇಳಲಿಲ್ಲವಾ?”

“ಆಕಿ ಕೇಳ್ಲಿಲ್ಲ. ಅಷ್ಟು ಪ್ರೀತಿಲೇ ತರಾಕಿ, ನಾ ಹ್ಯಾಂಗ ಹೇಳ್ಲಿ?”

ಹನ್ನೊಂದು ವರ್ಷ ನಾನು ಅವಳ ಮನೆಗೆ ಕುಚ್ಚಲಕ್ಕಿ ಬೇಡ, ಬೆಳ್ತಿಗೆಯೇ ಸರಿ ಎಂದು ಆರಿಸಿ ಆರಿಸಿ ಕಟ್ಟುತ್ತಿದ್ದೆ. ಬಹಳ ಜಾಣತನ ಎಂದುಕೊಂಡಿದ್ದೆ. ಆ ಒಂದು ಪ್ರಶ್ನೆ ನನಗೆ ಹೊಳೆಯಲಿಲ್ಲ. ಪ್ರಫುಲ್ಲಾಳಿಗೆ ಮೊದಲ ದಿನವೇ ಹೊಳೆಯಿತು. ಇನ್ನಾದರೂ ಈ ಹೊಟ್ಟೆಕಿಚ್ಚು ಆರಬೇಕಲ್ಲವೇ? ಇಲ್ಲ, ಇನ್ನೂ ಜೋರಾಗಿ ಉರಿಯುತ್ತಿದೆ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು!

ಜೋಳ ಎಂದು ಕೇಳಿದಾಗ ನಿಮ್ಮ ಡಬ್ಬಿ ಕಣ್ಣಿಗೆ ಬಂತು. ಅದರ ಬಗ್ಗೆ ನಾನು ಬರೆಯಬೇಕಾದದ್ದು ಇದೆ. ಇವತ್ತು ಕೈ ಬರುವುದಿಲ್ಲ. ನೀವು ಇಲ್ಲಿಂದ ಹೋಗುವ ಹೊತ್ತು ಬಂತೆಂದು ನಿಮಗೆ ಹೇಗೆ ತಿಳಿಯಿತು? ಅದನ್ನೊಂದು ಹೇಳಿ.

ನಿಮ್ಮ,
ನೀಲಾವತಿ


ಗೋರೆಗಾಂವ್
19-4-1955

ನೀಲಾವತಿ ಬಾಯಿಯವರಿಗೆ,

ನಿಮಗೆ ಕೈ ಬರದಿದ್ದರೆ ನಾನೇ ಬರೆಯುತ್ತೇನೆ. ನಾನೂ ಏಳನೆಯ ಕ್ಲಾಸಿನ ಮುಲ್ಕಿ ಪರೀಕ್ಷೆ ಪಾಸಾದವಳು.

1944ರ ಬೇಸಿಗೆ. ರೇಷನ್ ಕಾಲ. ನೀವು ಶನಿವಾರ ನಮ್ಮ ಚಾಳಿಗೆ ಬಂದಿರಿ. ನಾನು ಡಬ್ಬಿ ತುಂಬ ಜೋಳ ಕೊಟ್ಟೆ. ಒಲೆಗೆ ಹೋಗುವ ಕಾಳಿನಲ್ಲಿ ಹಿಡಿ ತೆಗೆಯಬೇಕು, ನಮ್ಮ ಒಲೆಗೆ ಹೋಗುವುದು ಜೋಳ. ನೀವು ನೆರೆಹೊರೆಯ ಹೆಂಗಸರ ಎದುರಿಗೆ ಮುಚ್ಚಳ ತೆರೆದು, “ಹಿಡಿ ಅಕ್ಕಿ ಅಂದ್ರೆ ಅಕ್ಕಿ. ಇದೆಂತದು, ಹಕ್ಕಿಗೆ ಹಾಕುವುದಾ?” ಎಂದಿರಿ. ಜೋಳವನ್ನು ನನ್ನ ಸೆರಗಿಗೆ ಸುರಿದಿರಿ. ಮುಂದಿನ ಮನೆಯ ಅಕ್ಕಿ ಹಾಕಲು ಡಬ್ಬಿ ಮಾತ್ರ ಒಯ್ದಿರಿ. ನಾನು ತಿರುಗಿ ಕೇಳಲಿಲ್ಲ. ಆ ಜೋಳ ರುದ್ರವ್ವನಿಗೆಂದು ತೆಗೆದಿಟ್ಟದ್ದು.

ಅದಕ್ಕೆ ಮುಂಚೆ ನಮ್ಮ ಕಡೆಯ ಆರು ಮನೆಗೆ ನಾನೇ ಹೋಗುತ್ತಿದ್ದೆ, ನಿಮಗೆ ನೆನಪಿದೆಯೋ ಇಲ್ಲವೋ. ಅವತ್ತಿನಿಂದ ಆ ಆರು ಮನೆಯೂ ನಿಮ್ಮವಾದವು. ನಿಮಗೀಗ ಪ್ರಫುಲ್ಲಾ ಬಂದಂತೆ ನನಗೆ ನೀವು ಬಂದಿದ್ದಿರಿ. ನಿಮ್ಮ ಮೊದಲ ಕಾಗದ ಓದಿದಾಗ ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಬರೆದು ಕಳಿಸಬೇಕೆನಿಸಿತ್ತು. ತಡೆದುಕೊಂಡೆ.

ಹೋಗುವ ಹೊತ್ತು ಹೇಗೆ ತಿಳಿಯಿತು ಎಂದು ಕೇಳಿದ್ದೀರಿ. ನೀವು ಬೇಡವೆಂದದ್ದಕ್ಕೆ ನಾನು ಎದ್ದು ಬರಲಿಲ್ಲ. ಆರು ತಿಂಗಳು ಅದೇ ಬೆಂಚಿನಲ್ಲಿ ಕೂತು ನಿಮ್ಮ ತಪ್ಪು ಹುಡುಕುತ್ತಿದ್ದೆ. ಒಂದು ಶನಿವಾರ ದಾದರ ಸ್ಟೇಷನ್ನಿನ ಮೆಟ್ಟಿಲಲ್ಲಿ ನಿಮ್ಮ ಚೀಲದ ಹೊಲಿಗೆ ಬಿಚ್ಚಿ ಅಕ್ಕಿ ಚೆಲ್ಲಿತು. ನೀವು ಮೊಣಕಾಲೂರಿ ಕಾಳು ಕಾಳಾಗಿ ಆರಿಸುತ್ತಿದ್ದಿರಿ, ಜನ ತುಳಿದುಕೊಂಡು ಹೋಗುತ್ತಿದ್ದರು. ನಾನು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದೆ, ನಿಮಗೆ ಕಾಣಲಿಲ್ಲ. ನನಗೆ ಸಂತೋಷವಾಯಿತು ಬಾಯಿ. ಮೈಯೆಲ್ಲ ಹಗುರಾದಂಥ ಸಂತೋಷ. ಆಮೇಲೆ ಹೆದರಿಕೆಯಾಯಿತು. ಹಸಿದವರ ಅಕ್ಕಿ ಚೆಲ್ಲಿದ್ದಕ್ಕೆ ನಗುವವಳು ಆ ಕೆಲಸದ ಹತ್ತಿರ ನಿಲ್ಲಬಾರದು. ಕೆಳಗಿಳಿದು ಒಂದು ಕಾಳು ಆರಿಸಿಕೊಡಲಿಲ್ಲ, ಆ ಪಾಪ ನನ್ನದು. ಮನೆಗೆ ಬಂದು, “ಬ್ಯಾರೆ ಕಡೆ ಕೆಲಸ ನೋಡ್ರಿ” ಎಂದು ಯಜಮಾನರಿಗೆ ಹೇಳಿದೆ. ಅವರಿಗೆ ಗೋರೆಗಾಂವಿನಲ್ಲಿ ಕೆಲಸ ಸಿಕ್ಕಿತೆಂದು ನಾವು ಹೊರಟೆವು ಎಂಬುದು ಊರಿಗೆ ಹೇಳಿದ ಮಾತು.

ಧೂಳು ಝಾಡಿಸುವುದು ನಾವು ಬಿಟ್ಟುಬಂದ ಊರಿಗೆ ಶಾಪ ಎಂದು ನೀವು ತಿಳಿದಿದ್ದೀರಿ. ನಾನೂ ಹಾಗೇ ತಿಳಿದಿದ್ದೆ. ಹಳೆಯ ಧೂಳು ಕಾಲಿಗೆ ಮೆತ್ತಿಕೊಂಡು ಹೊಸ ಮನೆ ಹೊಕ್ಕರೆ ಅಲ್ಲಿಯ ಚಾಪೆಯೂ ಹೊಲಸಾಗುತ್ತದೆ ಎಂಬುದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಮೊದಲ ಎರಡು ವರ್ಷ ಬಂದವರಿಗೆಲ್ಲ ನಿಮ್ಮ ಕಥೆಯನ್ನೇ ಹೇಳುತ್ತಿದ್ದೆ. ಅದಕ್ಕೇ ನಾವಿಬ್ಬರೇ ಇದ್ದೆವು.

ಈಗ ನಮ್ಮಲ್ಲಿಯೂ ಹಿಡಿ ಇದೆ. ಜೋಳ, ಅಕ್ಕಿ, ಗೋಧಿ, ಯಾರ ಒಲೆಗೆ ಏನೋ ಅದು. ಬೇರೆ ಬೇರೆ ಗಡಿಗೆ ಇಟ್ಟಿದ್ದೇನೆ. ಬೇರೆ ಬೇರೆ ಇಡಬೇಕೆಂಬುದನ್ನು ನಿಮ್ಮ ಒಳಚೀಲ ನೋಡಿ ಕಲಿತೆ. ಕಲಿತದ್ದನ್ನು ಇಲ್ಲವೆನ್ನಬಾರದು.

ಡಬ್ಬಿಯನ್ನು ಯಾರ ಕೈಯಲ್ಲೂ ಕಳಿಸಬೇಡಿ. ತರುವುದಾದರೆ ನೀವೇ ತನ್ನಿ. ಖಾಲಿ ತರಬೇಡಿ.

ದಾನವ್ವ


ವಡಾಲ
14-5-1955, ಶನಿವಾರ

ಪ್ರಫುಲ್ಲಾ,

ನಿನ್ನನ್ನು ಅಮ್ಮನವರೇ ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ. ಮಗಳ ಪ್ರಾಯದವಳು, ಹೆಸರು ಹಿಡಿದೇ ಬರೆಯುತ್ತೇನೆ. ಈ ಕಾಗದದ ಜೊತೆ ಒಂದು ಚೀಲ ಇದೆ. ಹಳೆಯದು, ಆದರೆ ಹೊಲಿಗೆ ಗಟ್ಟಿ. ಒಳಗೆ ನಾಲ್ಕು ಒಳಚೀಲ ನೋಡು. ಮೂರು ಮೊದಲಿನವು, ಯಾವುದಕ್ಕೆ ಯಾವ ಅಕ್ಕಿ ಎಂದು ನೂಲಿನಲ್ಲಿ ಹೊಲಿದಿದ್ದೇನೆ. ನಾಲ್ಕನೆಯದು ಹೊಸತು, ನಿನ್ನೆ ಹೊಲಿದದ್ದು. ಅದು ಜೋಳಕ್ಕೆ. ಗದಗ ಧಾರವಾಡದವರ ಮನೆಯಲ್ಲಿ ಕೇಳು, ಕೊಡುತ್ತಾರೆ. ಇಷ್ಟು ವರ್ಷ ಅವರು ನನಗಾಗಿ ಅಂಗಡಿಯಿಂದ ಅಕ್ಕಿ ತಂದು ಹಿಡಿ ತೆಗೆದಿಡುತ್ತಿದ್ದರಂತೆ. ನನಗೆ ಮೊನ್ನೆ ತಿಳಿಯಿತು.

ನೀನು ಕೇಳಿದ ನಾಲ್ಕು ಮನೆ. ರುದ್ರವ್ವನನ್ನು ನೀನೇ ಕಂಡುಕೊಂಡೆ. ಉಳಿದ ಮೂರು ಹೇಳುತ್ತೇನೆ.

ರುದ್ರವ್ವನ ಚಾಳಿನಲ್ಲೇ ಕೊನೆಯ ಖೋಲಿ ಚಂದ್ರವ್ವನದು. ಅವಳು ಕೈಯೊಡ್ಡಿ ತೆಗೆದುಕೊಳ್ಳುವುದಿಲ್ಲ. ನೀರು ಬೇಕೆಂದು ಕೇಳು, ಅವಳು ಒಳಗೆ ಹೋದಾಗ ಬಾಗಿಲ ಸಂದಿಯಲ್ಲಿ ಇಡು, ನೀರು ಕುಡಿದು ಬಾ. ಬಾಯಾರದಿದ್ದರೂ ಕುಡಿ.

ವಿಲೆ ಪಾರ್ಲೆಯಲ್ಲಿ ಸ್ಟೇಷನ್ನಿನ ಪೂರ್ವಕ್ಕೆ, ಹಿಟ್ಟಿನ ಗಿರಣಿಯ ಮೇಲೆ, ಮುರಿಗೆಪ್ಪ ಎಂಬವರಿದ್ದಾರೆ. ಕಣ್ಣು ಹೋಗಿ ಕೆಲಸ ಬಿಟ್ಟವರು. ಒಳಚೀಲ ತಿರುಗಿ ಕೊಡುವಾಗ ಅದರಲ್ಲಿ ಕರಿಬೇವು ತುಂಬಿ ಕೊಡುತ್ತಾರೆ. ಬೇಡ ಎನ್ನಬೇಡ. ಬೇಡ ಎಂದ ದಿನ ಅವರೂ ಅಕ್ಕಿ ಬೇಡ ಎನ್ನುತ್ತಾರೆ.

ನಾಲ್ಕನೆಯವಳು ಶೀಲಾವತಿ, ವಡಾಲದಲ್ಲೇ ಬಾವಿಯ ಎದುರಿಗೆ. ನನಗೆ ಶಾಲು ಹೊದಿಸಿದ ಹಿರಿಯರ ಸ್ವಂತ ತಂಗಿ. ಅಣ್ಣನಿಗೆ ಗೊತ್ತಿಲ್ಲ, ಗೊತ್ತಾದರೆ ಅವಳು ಪ್ರಾಣ ಬಿಡುತ್ತಾಳೆ. ನಾನು ಎಂದೂ ಪಟ್ಟಿ ಬರೆಯದಿದ್ದುದು ಇದಕ್ಕೆ. ನಿನಗೆ ಹೇಳದೇ ಇದ್ದುದಕ್ಕೂ ಇದೇ ಕಾರಣ ಎಂದು ನಾನು ಹೇಳಿಕೊಳ್ಳಬಹುದು, ಆದರೆ ಅದು ಸುಳ್ಳು. ಹೊಟ್ಟೆಕಿಚ್ಚಿನಿಂದ ಹೇಳಲಿಲ್ಲ. ನೀನು ಬಿಸಿಲಿನಲ್ಲಿ ಅಲೆದೆ ಎಂದು ಕೇಳಿ ಖುಷಿಪಟ್ಟೆ. ಆರು ಶನಿವಾರ ಈ ನಾಲ್ಕು ಮನೆಯವರು ಬಾಗಿಲು ನೋಡುತ್ತಾ ಕೂತಿದ್ದರು. ಈಸ್ಟರ್ ಆದ ಮೇಲೆ ಒಂದೊಂದು ಮನೆಗೂ ಹೋಗಿ ಕ್ಷಮೆ ಕೇಳಿ ಬಂದೆ. ನಿನ್ನನ್ನು ಕೇಳುವುದು ಬಾಕಿ ಇತ್ತು, ಕೇಳಿದ್ದೇನೆ. ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕು.

ಈಗ ಕಿಚ್ಚು ಹೋಯಿತೇ ಎಂದು ಕೇಳಬೇಡ. ನಿನ್ನೆ ರುದ್ರವ್ವ “ಆ ಹುಡುಗಿ ಬಂದ್ರ ಮನೀಗೆ ಬೆಳಕು” ಎಂದಾಗ ಅವಳ ಕೋಲಿನಿಂದ ಅವಳಿಗೇ ಒಂದು ಕೊಡೋಣ ಅನ್ನಿಸಿತು. ಅದಕ್ಕೇ ಹೊರಟಿದ್ದೇನೆ. ನೀನು ನನ್ನನ್ನು ಓಡಿಸಿದೆ ಎಂದು ಯಾರಾದರೂ ಅಂದರೆ ಅವರ ಬಾಯಿ ಮುಚ್ಚಿಸು. ಒಂದು ಡ್ರಮ್ಮು ಖಾಲಿಯಾಗಲಿ ಎಂದು ಕಾಯುತ್ತಾ ಕೂತವಳಿಗೆ ಆ ಬೆಂಚಿನಲ್ಲಿ ಜಾಗವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನನಗಿಂತ ಮೊದಲು ಒಬ್ಬರು ಇದೇ ಮಾತನ್ನು ತಮಗೆ ಹೇಳಿಕೊಂಡು ಇಲ್ಲಿಂದ ಎದ್ದು ಹೋಗಿದ್ದರು. ಅವರ ಹೆಸರು ದಾನವ್ವ. ಅವರು ದೇವರ ಹೆಸರಿನಲ್ಲಿ ತಂದದ್ದನ್ನು ನಾನು ಹಕ್ಕಿಗೆ ಹಾಕುವುದು ಎಂದು ಅವರ ಸೆರಗಿಗೇ ತಿರುಗಿ ಸುರಿದಿದ್ದೆ.

ಇವತ್ತು ಬೆಳಿಗ್ಗೆ ಮಾಟುಂಗಾದ ಅಂಗಡಿಗೆ ಹೋಗಿದ್ದೆ. ಬಿಜಾಪುರದ ಶೆಟ್ಟೆಪ್ಪನ ಅಂಗಡಿ. “ಬಿಳೀ ಜೋಳ ಕೊಡಿ, ಒಳ್ಳೆಯದು” ಎಂದೆ. “ನಿಮ್ಮ ಮನ್ಯಾಗ ರೊಟ್ಟಿ ಬಡಿಯಾಕ ಬರತೈತೇನ್ರೀ ಬಾಯೀ?” ಎಂದು ಅವನು ನಕ್ಕ. ಬರುವುದಿಲ್ಲ, ಕಲಿಯುತ್ತೇನೆ ಎಂದೆ. ಮನೆಗೆ ತಂದು ಮೊರದಲ್ಲಿ ಹಾಕಿ ಕಲ್ಲು ಆರಿಸಿದೆ, ದಾನವ್ವಕ್ಕನ ಹಿತ್ತಾಳೆ ಡಬ್ಬಿ ತುಂಬಿಸಿದೆ, ಮುಚ್ಚಳ ಬಿಗಿಯಾಗಿ ಹಾಕಿದೆ. ಅವರು ಬಾಗಿಲು ತೆರೆಯುತ್ತಾರೋ ಅಥವಾ ನನ್ನ ಸೆರಗಿಗೇ ತಿರುಗಿ ಸುರಿಯುತ್ತಾರೋ ಗೊತ್ತಿಲ್ಲ. ಸುರಿದರೂ ಸರಿಯೇ, ಸೆರಗು ಹಿಡಿದು ನಿಲ್ಲುತ್ತೇನೆ.

ನಾಳೆ ಮೂರನೆಯ ಬೆಂಚಿನಲ್ಲಿ ನನ್ನ ಜಾಗ ಖಾಲಿ ಇರುತ್ತದೆ. ಅಕ್ಕಿಬಾಯಿ ತೀರಿಕೊಂಡಳೇನು ಎಂದು ಯಾರಾದರೂ ಕೇಳಿದರೆ, ಇಲ್ಲ, ಜೋಳ ತೆಗೆದುಕೊಂಡು ಗೋರೆಗಾಂವಿಗೆ ಹೋಗಿದ್ದಾಳೆ ಎಂದು ಹೇಳು.

ನಿನ್ನ,
ನೀಲಾವತಿ ಬಾಯಿ